ಎರಡರಿಂದ ನಾಲ್ಕರ ಪಾಳಿ

"ಎಷ್ಟು ಹೊತ್ತಿಗೆ ಮಲಗ್ತೀಯಮ್ಮ?" ಮೂರನೆಯ ಹೊಲಿಗೆಯ ದಾರ ಕತ್ತರಿಸುತ್ತ ಡಾಕ್ಟರಮ್ಮ ಕೇಳಿದರು.

"ನಾಲ್ಕಕ್ಕೆ."

"ಸಂಜೆ ನಾಲ್ಕಕ್ಕಾ?"

"ಅಲ್ಲ, ಬೆಳಗಿನ ಜಾವ."

ಕೇಳಿದಷ್ಟಕ್ಕೇ ಉತ್ತರ, ಒಂದು ಅಕ್ಷರ ಹೆಚ್ಚಿಲ್ಲ. ಹದಿಮೂರು ವರ್ಷದ ಹುಡುಗಿ ಗದ್ದಕ್ಕೆ ಹತ್ತಿ ಅಂಟಿಸಿಕೊಂಡು ಎತ್ತರದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಶಾಲೆಯಲ್ಲಿ ಎರಡನೆಯ ಪೀರಿಯಡ್ ಮುಗಿಸಿ ಮೆಟ್ಟಿಲು ಇಳಿಯುವಾಗ ನಿಂತ ನಿಲುವಿನಲ್ಲೇ ತೂಕಡಿಸಿ ಬಿದ್ದಿದ್ದಳು. ಬಿದ್ದ ಮೇಲೂ ಎಚ್ಚರವಾಗಲಿಲ್ಲವಂತೆ. "ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದಾಳೆ ಅಂತ ನಾವೆಲ್ಲ ಎದೆ ಒಡ್ಕೊಂಡ್ವಿ, ಹತ್ರ ಹೋಗಿ ನೋಡಿದ್ರೆ ಗೊರಕೆ" ಎಂದು ಶಾಲೆಯ ಆಯಾ ಫೋನಿನಲ್ಲಿ ಹೇಳಿದಾಗ ತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಟ್ಟೆಗೆ ಗುರುತು ಹಾಕುವಾಗ ಕೈಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿಯನ್ನೂ ಒರೆಸಿಕೊಳ್ಳದೆ ಕೆಲಸದ ಜಾಗದಿಂದ ಹಾಗೇ ಓಡಿಬಂದಿದ್ದಳು.

"ರಜಾ ದಿನ?"

"ಆಗಲೂ ನಾಲ್ಕಕ್ಕೇ. ಆದ್ರೆ ಮಧ್ಯಾಹ್ನ ಒಂದರ ತನಕ ಏಳಲ್ಲ. ಶಾಲೆ ಇದ್ರೆ ಏಳಕ್ಕೆ ಏಳ್ತೀನಿ. ಶಾಲೆಯಿಂದ ಬಂದು ಸಂಜೆ ಎರಡು ಗಂಟೆ ಹೊತ್ತು ಮಲಗ್ತೀನಿ. ಒಂದೊಂದು ದಿನ ಇಲ್ಲ."

ಡಾಕ್ಟರಮ್ಮ ಹಳೆಯ ಚೀಟಿಗಳನ್ನು ತಿರುವಿ ಹಾಕಿದರು. ಎಂಟು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿತ್ತು. ಮೂರು ಸಲ ಜ್ವರ, ತಿಂಗಳಿಗೆರಡು ಬಾರಿ ತಲೆನೋವು, ಊಟ ಸೇರುವುದಿಲ್ಲ. "ಬೆಳೆಯೋ ಮಕ್ಕಳು ಬೆಳೆಯೋದೇ ನಿದ್ದೆಯಲ್ಲಿ. ನೀನು ಮೈಗೆ ಒಂದು ದಿನ ಒಂದು ಹೊತ್ತು, ಇನ್ನೊಂದು ದಿನ ಇನ್ನೊಂದು ಹೊತ್ತು ಅಂದ್ರೆ ಅದು ಪಾಪ ಏನು ಮಾಡಬೇಕು? ಮೊಬೈಲಾ?"

"ಅಲ್ಲ."

"ಓದ್ತೀಯಾ?"

"ಇಲ್ಲ."

"ಮತ್ತೆ ಅಷ್ಟು ಹೊತ್ತು ಏನು ಮಾಡ್ತೀಯ?"

"ಎದ್ದಿರ್ತೀನಿ."

"ಚಿಂತೆ ಇಲ್ಲದೋನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಿನಗೇನಮ್ಮ ಈ ವಯಸ್ಸಿಗೆ ಅಂಥಾ ಚಿಂತೆ?"

ಹುಡುಗಿ ತಿರುಗಿ ತಾಯಿಯ ಮುಖವನ್ನೊಮ್ಮೆ ನೋಡಿದಳು. ಈ ನೋಟ ತಾಯಿಗೆ ಹೊಸದಲ್ಲ. ಎಂಟು ತಿಂಗಳಿಂದ ತಟ್ಟೆಗೆ ಬಡಿಸುವಾಗ, ಜಡೆ ಹಾಕುವಾಗ, ಬಟ್ಟೆ ಮಡಚುವಾಗ ಅದೇ ನೋಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತಾಯಿ ಸೆರಗು ಸರಿಪಡಿಸಿಕೊಂಡಳು.

ಡಾಕ್ಟರಮ್ಮ ಒಂದು ಹಾಳೆಗೆ ಗೆರೆ ಎಳೆದುಕೊಟ್ಟರು. ದಿನಕ್ಕೊಂದು ಸಾಲು, ಮಲಗಿದ್ದು ಯಾವಾಗ, ಎದ್ದದ್ದು ಯಾವಾಗ, ಒಂದು ವಾರ ಬರೆದು ತರಬೇಕು. ಹುಡುಗಿ ಆ ಗೆರೆಗಳನ್ನು ಬಹಳ ಹೊತ್ತು ನೋಡಿ, ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಗೆರೆ ಎಳೆದ ಹಾಳೆ ಆ ಮನೆಗೆ ಮೊದಲು ಬಂದದ್ದು ಪೈಲ್ವಾನನ ಜೊತೆಗೆ.

ಪೈಲ್ವಾನ ಎಂದರೆ ಒಂದೂವರೆ ಕಿಲೋ ತೂಕದ ಗಂಡುಕೂಸು. ದಿನ ತುಂಬುವ ಮೊದಲೇ ಅವಸರ ಮಾಡಿಕೊಂಡು ಬಂದಿದ್ದ. ಅವನ ಬೆರಳು ಬೆಂಕಿಕಡ್ಡಿಯಷ್ಟಿದ್ದುದನ್ನು ನೋಡಿ ಅಜ್ಜಿ "ಬಂದ ನೋಡ್ರಪ್ಪ ಪೈಲ್ವಾನ" ಎಂದದ್ದೇ ಹೆಸರಾಗಿ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದು ಮಾತು ಹೇಳಿ ಕಳಿಸಿದ್ದರು: ಮಲಗಿದ್ದಾಗ ಉಸಿರು ನಿಂತುಬಿಡಬಹುದು, ಪಾದಕ್ಕೊಂದು ತಟ್ಟು ತಟ್ಟಿದರೆ ಮತ್ತೆ ಶುರುವಾಗುತ್ತದೆ, ಕೆಲವು ತಿಂಗಳು ರಾತ್ರಿ ಯಾರಾದರೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್. ಅಲ್ಲಿ ಅರ್ಧ ಗಂಟೆಗೊಮ್ಮೆ ಮೀಟರು ನೋಡಿ ಉದ್ದನೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಬ್ಬ ಪಾಳಿ ಮುಗಿಸಿ ಇನ್ನೊಬ್ಬನಿಗೆ ಒಪ್ಪಿಸುವಾಗಲೂ ಸಹಿ. ಅದೇ ಥರದ ಪುಸ್ತಕವೊಂದನ್ನು ಅವನು ಮನೆಗೂ ತಂದ. ಹೊತ್ತು, ನಿಮಿಷಕ್ಕೆ ಎಷ್ಟು ಉಸಿರು, ಸರಿಯೋ ಅಲ್ಲವೋ, ಸಹಿ. ಮನೆಯಲ್ಲಿ ಪಂಪ್‌ಹೌಸಿನ ಎರಡು ನಿಯಮವೂ ಜಾರಿಗೆ ಬಂದವು. ಯಾವ ಸಾಲನ್ನೂ ಖಾಲಿ ಬಿಡಬಾರದು. ಒಬ್ಬರ ಪಾಳಿ ಇನ್ನೊಬ್ಬರು ಮಾಡಬಾರದು. "ಡಬಲ್ ಪಾಳಿ ಮಾಡಿದೋನೇ ವಾಲ್ವ್ ತಿರುಗಿಸೋದು ಮರೆಯೋದು. ನಾನು ಕಣ್ಣಾರೆ ಕಂಡಿದೀನಿ" ಎನ್ನುತ್ತಿದ್ದ.

ಹತ್ತರಿಂದ ಎರಡು ತಾಯಿ. ಎರಡನೆಯ ಪಾಳಿ ಮುಗಿಸಿ ಬಂದು ಮಲಗಿದ ಗಂಡ ನಾಲ್ಕಕ್ಕೆ ಎದ್ದು ಬೆಳಗಿನವರೆಗೆ. ನಡುವೆ ಎರಡು ಗಂಟೆ ಉಳಿಯಿತು. ಅಜ್ಜಿ ಕೂತಲ್ಲೇ ತೂಕಡಿಸುವ ಜೀವ. "ನನ್ನನ್ನ ಕೂರಿಸಿದ್ರೆ, ನನ್ನ ಕಾಯೋಕೆ ಇನ್ನೊಬ್ಬರು ಬೇಕು" ಎಂದು ಮೊದಲೇ ಕೈ ತೊಳೆದುಕೊಂಡಳು. ಆಗ ಮಗಳು "ನಾನಿರ್ತೀನಿ" ಎಂದಳು. ಅವಳಿಗಾಗ ಹನ್ನೆರಡು. ಅಪ್ಪ ಬೆನ್ನು ತಟ್ಟಿ "ಭೇಷ್" ಎಂದ. ಎಂಟಕ್ಕೆ ಮಲಗುವುದು, ಎರಡಕ್ಕೆ ಏಳುವುದು, ನಾಲ್ಕಕ್ಕೆ ಮತ್ತೆ ಮಲಗುವುದು. ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ, ಮನೆಯಲ್ಲಿ ಎಲ್ಲರೂ ಅರೆನಿದ್ದೆಯವರೇ ಆಗಿದ್ದರು. ಹುಡುಗಿಯಂತೂ ಆ ಕೆಲಸವನ್ನು ಪ್ರಾಣದ ಹಾಗೆ ಮಾಡಿದಳು. ಸಹಿಯ ಜಾಗದಲ್ಲಿ ಪುಟ್ಟದೊಂದು ನಕ್ಷತ್ರ ಬರೆಯುತ್ತಿದ್ದಳು. ಕೆಲವು ಸಾಲುಗಳ ಪಕ್ಕದಲ್ಲಿ ಕೇಳದೇ ಇದ್ದ ವರದಿಯೂ ಇರುತ್ತಿತ್ತು: ಪೈಲ್ವಾನ ನಿದ್ದೆಯಲ್ಲಿ ನಕ್ಕ. ಪೈಲ್ವಾನ ಕಾಲಿನಿಂದ ನನ್ನ ಕೈಯನ್ನು ಒದ್ದ.

ಆ ರಾತ್ರಿಯದು ತಾಯಿಯೊಬ್ಬಳಿಗೇ ಗೊತ್ತು. ಹುಡುಗಿಗೆ ಅಂದು ಜ್ವರ. ಎರಡಕ್ಕೆ ಐದು ನಿಮಿಷ ಇರುವಾಗ ತಾಯಿ ಅವಳನ್ನು ಎಬ್ಬಿಸಲು ಹೋದಳು. ಬಾಯಿ ತೆರೆದುಕೊಂಡು, ಬೆವರಿ, ಸೊಪ್ಪಿನ ಹಾಗೆ ಬಾಡಿ ಮಲಗಿದ್ದ ಮಗಳನ್ನು ನೋಡಿ ಎಬ್ಬಿಸಲು ಮನಸ್ಸು ಬರಲಿಲ್ಲ. ದಿಂಬಿನ ಪಕ್ಕದ ಗಡಿಯಾರದ ಅಲಾರಾಂ ಆರಿಸಿ ಕೂಸಿನ ಬಳಿಗೆ ಹಿಂದಿರುಗಿದಳು. ತನ್ನ ಸಹಿ ಹಾಕಿದರೆ ಬೆಳಿಗ್ಗೆ ಗಂಡನ ಡಬಲ್ ಪಾಳಿಯ ಪಾಠ ಕೇಳಬೇಕು, ಖಾಲಿ ಬಿಟ್ಟರೆ ಇನ್ನೂ ದೊಡ್ಡ ಪಾಠ. ಅವಳು ಕೆಲಸ ಮಾಡುವುದು ಕಸೂತಿ ಕಾರ್ಖಾನೆಯಲ್ಲಿ. ಶಾಲೆಗಳ ಬ್ಯಾಡ್ಜು, ಕಂಪನಿಗಳ ಗುರುತು, ಏನು ಕೊಟ್ಟರೂ ಕಣ್ಣಳತೆಯಲ್ಲಿ ಬಟ್ಟೆಯ ಮೇಲೆ ಇದ್ದ ಹಾಗೇ ಇಳಿಸುವುದು ಅವಳ ಕಸುಬು. ಮಗಳ ದುಂಡಕ್ಷರ ಎಷ್ಟರದು? ಎರಡು ಗಂಟೆಯ ಸಾಲು ಬರೆದಳು, ನಕ್ಷತ್ರ ಹಾಕಿದಳು. ಎರಡೂವರೆಯದನ್ನೂ ಹೊತ್ತಿಗೆ ಸರಿಯಾಗಿ ಬರೆದಳು. ಮೂರಕ್ಕೆ ಕಣ್ಣು ಉರಿಯುತ್ತಿತ್ತು. ಹಳೆಯ ಆಪರೇಟರುಗಳು ಇಡೀ ರಾತ್ರಿಯ ಲೆಕ್ಕವನ್ನು ಹತ್ತು ಗಂಟೆಗೇ ಬರೆದಿಟ್ಟು ಗೊರಕೆ ಹೊಡೆಯುತ್ತಿದ್ದರೆಂದು ಗಂಡನೇ ನಗುತ್ತ ಹೇಳಿದ್ದುಂಟು. ಮೂರರ ಜೊತೆಗೆ ಮೂರೂವರೆಯದನ್ನೂ ಬರೆದುಬಿಟ್ಟಳು. ಉಸಿರು ನಲವತ್ತೆರಡು. ಸರಿ. ನಕ್ಷತ್ರ. ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು, ಉರಿ ಕಡಿಮೆಯಾಗಲೆಂದು ಒಂದು ಗಳಿಗೆ ರೆಪ್ಪೆ ಮುಚ್ಚಿದಳು.

ನಾಲ್ಕಕ್ಕೆ ಗಂಡ ಎದ್ದ. ಆಮೇಲಿನದನ್ನು ಹೇಳುವುದು ಬೇಡ, ಹೇಳುವ ಬಾಯಿಗೂ ಒಳ್ಳೆಯದಲ್ಲ.

ಹತ್ತು ಜನ ಕಾದಿದ್ದರೂ ಕೂಸು ಉಳಿಯುತ್ತಿತ್ತೋ ಇಲ್ಲವೋ ಎಂದು ಆಸ್ಪತ್ರೆಯವರು ಹೇಳಿದರು. ಗಂಡ ಪುಸ್ತಕ ತೆರೆದು ಆ ಸಾಲು ನೋಡಿದ, ಮುಚ್ಚಿದ, ಅಟ್ಟದ ಮೇಲಿಟ್ಟ. ಮಗಳನ್ನು ಒಂದು ಮಾತೂ ಕೇಳಲಿಲ್ಲ. ಹೆಂಡತಿ ಎಂದಿನಂತೆ ಕೂಸಿನ ಪಕ್ಕ ಮಲಗಿದ್ದಾಳೆ, ಎಳೆಯ ಮಗು ನಿದ್ದೆ ತಡೆಯಲಾರದೆ ಮೂರೂವರೆಯ ಸಾಲನ್ನು ಮೊದಲೇ ಬರೆದು ಹೋಗಿ ಮಲಗಿರಬೇಕು, ಕೇಳಿ ನೋಯಿಸುವುದು ಬೇಡ ಎಂದುಕೊಂಡ. ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ತಾಯಿಯ ಬಾಯಿಗಂತೂ ಅಂದೇ ಬೀಗ ಬಿತ್ತು. ಒಂದು ವಾರದ ಮೇಲೆ ಮಗಳು ಸ್ಟೂಲು ಹತ್ತಿ ಆ ಪುಸ್ತಕ ತೆಗೆದು ನೋಡುತ್ತಿದ್ದುದನ್ನು ಅವಳು ಅಡುಗೆಮನೆಯ ಬಾಗಿಲಿನಿಂದ ಕಂಡಳು. ಮುಗಿಯಿತು, ಗೊತ್ತಾಗಿಹೋಯಿತು ಎಂದುಕೊಂಡಳು. ತಾನು ಎದ್ದೇ ಇರಲಿಲ್ಲವೆಂದು ಮಗಳಿಗೆ ಗೊತ್ತಲ್ಲ, ಮತ್ತೆ ಆ ನಕ್ಷತ್ರ ಯಾರದೆಂದು ತಿಳಿಯಲು ಜಾಣತನವೇನೂ ಬೇಡ. ಆದರೆ ಹುಡುಗಿ ಕೆಳಗಿಳಿದು, ಏನೂ ಹೇಳದೆ, ಬಂದು ಬಟ್ಟೆ ಮಡಚಲು ಕೂತಳು. ಅಂದಿನಿಂದ ಮಗಳು ಎರಡರವರೆಗೂ ನಿದ್ದೆ ಮಾಡದೆ ಬಿದ್ದಿದ್ದು, ಎರಡಕ್ಕೆ ಎದ್ದು ಕೂತಾಗ ಪಕ್ಕದ ಕೋಣೆಯಲ್ಲಿ ಚಾಪೆ ಸರಿದ ಸದ್ದು ಶುರುವಾಯಿತು. ತಾಯಿ ಕಣ್ಣು ಮುಚ್ಚಿಕೊಂಡು, ನಿದ್ದೆ ಬಂದವಳ ಹಾಗೆ ನಟಿಸುತ್ತ, ನಾಲ್ಕರವರೆಗೆ ಕೇಳಿಸಿಕೊಳ್ಳುತ್ತ ಬಿದ್ದಿರುತ್ತಿದ್ದಳು. ನನ್ನ ಗುಟ್ಟು ಕಾಯುತ್ತಿದ್ದಾಳೆ, ಕಾಯುತ್ತಲೇ ನನಗೆ ಶಿಕ್ಷೆ ಕೊಡುತ್ತಿದ್ದಾಳೆ ಎಂದು ತಿಳಿದಿದ್ದಳು. ಮಗಳಿಗೆ ಹೆದರಿ ಬದುಕುವ ತಾಯಿಯ ಪಾಡು ಯಾರಿಗೂ ಬೇಡ.

ವಾರ ಕಳೆದು ಮತ್ತೆ ಹೋದಾಗ ಡಾಕ್ಟರಮ್ಮ ಹಾಳೆ ಬಿಡಿಸಿ ಹುಬ್ಬು ಏರಿಸಿದರು. ದಿನಕ್ಕೊಂದು ಸಾಲು ಎಂದಿದ್ದರೆ ಹುಡುಗಿ ಪ್ರತಿ ಸಾಲನ್ನೂ ಅರ್ಧರ್ಧ ಗಂಟೆಗೆ ಸೀಳಿದ್ದಳು. ಎರಡು, ಎಚ್ಚರ. ಎರಡೂವರೆ, ಎಚ್ಚರ. ಮೂರು, ಎಚ್ಚರ. ಮೂರೂವರೆ, ಎಚ್ಚರ.

"ಇದ್ಯಾವ ಆಫೀಸಿನ ರಿಜಿಸ್ಟರಮ್ಮ?" ಎಂದು ಅವರು ನಕ್ಕರು. ಯಾರೂ ನಗದಿದ್ದುದನ್ನು ಕಂಡು ಕನ್ನಡಕ ತೆಗೆದಿಟ್ಟರು. "ನೋಡು, ಹತ್ತು ದಿನ ಒಂದು ಸಣ್ಣ ಮಾತ್ರೆ ಕೊಡ್ತೀನಿ. ರಾತ್ರಿ ಊಟ ಆದ ಮೇಲೆ ತಗೋ. ನಿದ್ದೆ ಒಂದು ಹಳಿಗೆ ಬರಲಿ, ಆಮೇಲೆ ನಿಲ್ಲಿಸೋಣ."

"ಬೇಡ ಮೇಡಂ."

"ಯಾಕೆ?"

"ಮಾತ್ರೆ ತಗೊಂಡ್ರೆ ಗಟ್ಟಿ ನಿದ್ದೆ ಬರುತ್ತೆ."

"ಬರ್ಲಿ ಅಂತಲೇ ಕೊಡೋದು."

"ನಾನು ನಿದ್ದೆಯಲ್ಲಿ ಎದ್ದು ಕೂತ್ಕೋತೀನಿ. ಬರೀತೀನಿ ಕೂಡ. ಬೆಳಿಗ್ಗೆ ಒಂದೂ ನೆನಪಿರಲ್ಲ."

"ಏನು ಬರೀತೀಯ?"

"ಸರಿ ಅಂತ." ಹುಡುಗಿ ಹೇಳಿದಳು, "ಸರಿ ಇಲ್ಲದಿದ್ರೂ ಸರಿ ಅಂತ ಬರೆದುಬಿಡ್ತೀನಿ. ಎರಡರಿಂದ ನಾಲ್ಕು ಎಚ್ಚರ ಇದ್ರೆ ಹಾಗಾಗಲ್ಲ."

ಡಾಕ್ಟರಮ್ಮ ತಾಯಿಯ ಕಡೆ ತಿರುಗಿ "ನಿದ್ದೆಯಲ್ಲಿ ಓಡಾಡೋ ಅಭ್ಯಾಸ ಇದೆಯಾ ಇವಳಿಗೆ?" ಎಂದು ಕೇಳುತ್ತಿದ್ದುದು ಎಲ್ಲೋ ದೂರದಿಂದ ಬಂದಂತಿತ್ತು. ಇತ್ತು, ಒಂದೇ ಒಂದು ಸಲ. ಐದು ವರ್ಷದವಳಿದ್ದಾಗ ನಿದ್ದೆಗಣ್ಣಿನಲ್ಲಿ ಎದ್ದು ಅಪ್ಪನ ಚಪ್ಪಲಿಯನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಬಂದು ಮಲಗಿದ್ದಳು. ನೆಂಟರು ಬಂದಾಗಲೆಲ್ಲ ಅಜ್ಜಿ ಆ ಕಥೆ ಹೇಳುವಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವರು. ಆ ನಗೆಯ ಕಥೆಯನ್ನೇ ಹುಡುಗಿ ನಂಬಿದ್ದಳು. ತನ್ನ ನೆನಪಿಗಿಂತ ಅಪ್ಪನ ಪುಸ್ತಕ ದೊಡ್ಡದೆಂದು ನಂಬಿದ್ದಳು. ಎದ್ದೆ, ಬರೆದೆ, ಸತ್ತ ತಮ್ಮನ ಎದುರು ಕೂತು ಉಸಿರು ನಲವತ್ತೆರಡು ಎಂದು ಎಣಿಸಿ ಸರಿ ಎಂದು ಬರೆದು ಮಲಗಿದೆ ಎಂದು ಎಂಟು ತಿಂಗಳಿಂದ ನಂಬಿಕೊಂಡಿದ್ದಳು. ಆ ನೋಟದಲ್ಲಿ ಆರೋಪವಿರಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತು, ಆದರೂ ನನ್ನನ್ನು ಬೈಯುತ್ತಿಲ್ಲ ಎಂಬ ಭಯವಿತ್ತು.

"ಮಾತ್ರೆ ಈಗ ಬೇಡ ಡಾಕ್ಟ್ರೇ" ಎಂದಳು ತಾಯಿ. "ಮನೆಯಲ್ಲಿ ಒಂದು ಕೆಲಸ ಇದೆ. ಅದಾದ ಮೇಲೆ ಬರ್ತೀವಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಹುಡುಗಿ ಎರಡು ನಿಲ್ದಾಣ ದಾಟುವಷ್ಟರಲ್ಲಿ ತಲೆ ವಾಲಿಸಿದಳು. ವಾಲಿದ ತಕ್ಷಣ ಎಡ ಮಣಿಕಟ್ಟನ್ನು ಬಲಗೈಯಿಂದ ಬಲವಾಗಿ ಚಿವುಟಿಕೊಂಡು ನೆಟ್ಟಗೆ ಕೂತಳು. ತಾಯಿ ಆ ಎಡಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು ಅಂಗಿಯ ತೋಳು ಮೇಲೇರಿಸಿದಳು. ಒಳಮೈ ತುಂಬ ನೀಲಿ ಕಲೆ. ಹಳೆಯವು ಹಳದಿಗೆ ತಿರುಗಿದ್ದವು. ತಾನು ಅಳಬಾರದು, ಅತ್ತರೆ ಇವಳು ನನ್ನನ್ನೇ ಸಮಾಧಾನ ಮಾಡುತ್ತಾಳೆ ಎಂದು ಹಲ್ಲು ಕಚ್ಚಿ ಕೂತಳು. ಇಷ್ಟು ದಿನ ಅವಳಿಗಿದ್ದದ್ದು ಗಂಡನ ಎದುರು, ಮಗಳ ಎದುರು ತಲೆ ತಗ್ಗಿಸಬೇಕಲ್ಲ ಎಂಬ ಹೆದರಿಕೆ. ಆ ಕಲೆಗಳನ್ನು ನೋಡಿದ ಮೇಲೆ ಅದು ಹೆದರಿಕೆಯೇ ಅಲ್ಲವೆನ್ನಿಸಿತು.

ಮನೆ ತಲುಪಿದಾಗ ಒಂದು ಗಂಟೆ. ತಾಯಿ ಚಪ್ಪಲಿ ಬಿಟ್ಟವಳೇ ಸ್ಟೂಲು ಎಳೆದು ಅಟ್ಟದಿಂದ ಪುಸ್ತಕ ಇಳಿಸಿದಳು. ಹುಡುಗಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು, ಮುಖ ಬಿಳಿಚಿತ್ತು.

"ಕೂತ್ಕೋ ಪುಟ್ಟಿ. ಇದನ್ನ ನೀನು ಬರೆದಿಲ್ಲ."

"ಯಾವುದನ್ನ?"

"ಆವತ್ತಿನದ್ದು. ನಾಲ್ಕೂ ಸಾಲು ನಾನು ಬರೆದದ್ದು. ನಿನಗೆ ಜ್ವರ ಇತ್ತು, ನಾನು ಎಬ್ಬಿಸಲಿಲ್ಲ. ಅಲಾರಾಂ ಆರಿಸಿದ್ದು ನಾನೇ. ನಿಮ್ಮಪ್ಪ ಬೈತಾರೆ ಅಂತ ನಿನ್ನ ಹೆಸರಲ್ಲಿ ಬರೆದೆ."

ಹುಡುಗಿ ಪುಸ್ತಕವನ್ನು ನೋಡಲೂ ಇಲ್ಲ. ದೊಡ್ಡವರ ಹಾಗೆ ತಾಯಿಯ ಭುಜ ಮುಟ್ಟಿದಳು. "ನನ್ನ ಸಮಾಧಾನಕ್ಕೆ ಹೀಗೆ ಹೇಳಬೇಡಮ್ಮ. ನೀನು ಯಾವಾಗಲೂ ಇದೇ ಮಾಡ್ತೀಯ. ಗಾಜಿನ ಬಾಗಿಲು ಒಡೆದದ್ದು ನಾನು, ಆಗಲೂ ನೀನು ಅಪ್ಪನ ಹತ್ರ ನಿನ್ನ ಕೈಯಿಂದಲೇ ಒಡೀತು ಅಂತ ಹೇಳಿದ್ದೆ."

"ಅದು ಬೇರೆ. ಇದು ನಿಜ."

"ನಕ್ಷತ್ರ ನನ್ನದಮ್ಮ. ನಾನು ನೂರು ಸಲ ನೋಡಿದೀನಿ. ಕೆಳಗಿನ ಬಲಗಡೆ ಕೊಂಬು ಗೆರೆ ದಾಟುತ್ತೆ, ಯಾವಾಗಲೂ. ಬೇರೆಯವರಿಗೆ ಹಾಗೆ ಬರಲ್ಲ."

ಜನ್ಮಪೂರ್ತಿ ಮಗಳ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಸುಳ್ಳು ಹೇಳಿದವಳಿಗೆ ಒಂದು ಸತ್ಯ ಹೇಳುವಾಗ ಸಾಕ್ಷಿಯೇ ಇರಲಿಲ್ಲ. ತಾಯಿ ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದಳು. ಮಗಳ ಪೆಟ್ಟಿಗೆಯಿಂದ ಪೆನ್ನು ತೆಗೆದುಕೊಂಡಳು. ಕೈ ನಡುಗೀತು, ಅಕ್ಷರ ಕೆಟ್ಟೀತು, ಇವಳು ನಂಬದೇ ಹೋದಾಳು ಎಂದು ಭಯವಾಯಿತು. ಕೈಗೆ ನಾಚಿಕೆ ಎಲ್ಲಿಯದು? ಅದು ದಿನವಿಡೀ ಕಾರ್ಖಾನೆಯಲ್ಲಿ ಮಾಡುವ ಹಾಗೆ, ಒಂದೇ ಉಸಿರಿನಲ್ಲಿ ಇಳಿಸಿತು. ಮೂರೂವರೆ. ನಲವತ್ತೆರಡು. ಸರಿ. ಐದು ಕೊಂಬಿನ ನಕ್ಷತ್ರ, ಕೆಳಗಿನ ಬಲಗಡೆಯದು ಗೆರೆಯಿಂದ ಕೂದಲೆಳೆಯಷ್ಟು ಆಚೆ.

ಹುಡುಗಿ ಬಗ್ಗಿ ನೋಡಿದಳು. ಹಳೆಯ ಪುಟ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು, ಹೊಸದರ ಮೇಲೆ ಇನ್ನೊಂದು ಬೆರಳಿಟ್ಟಳು. ಬೀದಿಯಲ್ಲಿ ಯಾರೋ ಸ್ಕೂಟರ್ ಶುರು ಮಾಡಲಾಗದೆ ಒದೆಯುತ್ತಲೇ ಇದ್ದರು. ಅದು ಶುರುವಾಗಿ ಹೊರಟುಹೋಗುವವರೆಗೂ ಅವಳು ಬೆರಳು ತೆಗೆಯಲಿಲ್ಲ.

"ನಾನು ಎದ್ದೇ ಇರಲಿಲ್ವಾ?"

"ಇಲ್ಲ ಕಂದಾ."

"ಅವನ ಹತ್ರ ನೀನಿದ್ದೆ."

"ನಾನಿದ್ದೆ. ಮೂರರ ಮೇಲೆ ಮಲಗಿಬಿಟ್ಟೆ." ತಾಯಿ ನೆಲ ನೋಡುತ್ತ ಹೇಳಿದಳು. "ನಿನಗೆ ಗೊತ್ತು ಅಂದ್ಕೊಂಡಿದ್ದೆ. ಗೊತ್ತಿದ್ದೂ ಸುಮ್ಮನಿದೀಯ ಅಂತ."

"ನಂಗೂ ಹಾಗೇ ಅನ್ನಿಸಿತ್ತು. ನಿಂಗೆ ಗೊತ್ತು ಅಂತ."

ತಾಯಿ ಕಾದಳು. ಮಗಳು ಕೂಗಾಡಲಿ, ಪುಸ್ತಕ ಎಸೆಯಲಿ, ಇನ್ನು ಮುಂದೆ ಅಮ್ಮ ಎಂದು ಕರೆಯದಿರಲಿ, ಯಾವುದಕ್ಕೂ ಸಿದ್ಧಳಿದ್ದಳು. ಹುಡುಗಿಯ ತುಟಿ ಅದುರಿತು, ಗದ್ದದ ಗಾಯ ಎಳೆದು ನೋವಾಗಿರಬೇಕು, ಅಂಗೈಯಿಂದ ಅದನ್ನು ಒತ್ತಿಕೊಂಡಳು.

"ನನ್ನನ್ನ ಎಬ್ಬಿಸಬೇಕಿತ್ತಮ್ಮ" ಎಂದಳು. "ನನ್ನ ಪಾಳಿಯಲ್ಲಿ ನಾನು ಒಂದು ದಿನಾನೂ ತೂಕಡಿಸಿರಲಿಲ್ಲ."

ಅಷ್ಟು ಹೇಳಿ ಅಲ್ಲೇ, ಶಾಲೆಯ ಬಟ್ಟೆಯಲ್ಲೇ, ತಲೆಗೆ ದಿಂಬೂ ಇಲ್ಲದೆ ಚಾಪೆಯ ಮೇಲೆ ಉರುಳಿದಳು. ಮುಖ ಗೋಡೆಯ ಕಡೆಗಿತ್ತು. ಅಳುತ್ತಿದ್ದಾಳೆಂದು ತಾಯಿ ಬಗ್ಗಿ ನೋಡಿದರೆ ಕಣ್ಣು ಮುಚ್ಚಿತ್ತು, ಬೆರಳುಗಳು ಸಡಿಲಗೊಂಡು ಬಿಚ್ಚಿದ್ದವು. ಮುಟ್ಟಬೇಕೆನ್ನಿಸಿತು. ಮುಟ್ಟುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯದೆ ಕೈ ಹಿಂದೆಳೆದುಕೊಂಡಳು. ಕಿಟಕಿಯಿಂದ ಬಿಸಿಲು ಹುಡುಗಿಯ ಕಾಲಿನ ಮೇಲೆ ಬೀಳುತ್ತಿತ್ತು. ಎದ್ದು ಪರದೆ ಎಳೆದಳು.

ಮೂರಕ್ಕೆ ಕಾಲು ಗಂಟೆ ಇರುವಾಗ ಗಂಡ ಮೊದಲ ಪಾಳಿ ಮುಗಿಸಿ ಬಂದ. ಬಾಗಿಲಲ್ಲಿ ಬೂಟಿನ ದಾರ ಬಿಚ್ಚುತ್ತ ಒಳಗೆ ಇಣುಕಿದ.

"ಡಾಕ್ಟ್ರು ಏನಂದ್ರು? ಇದೇನು, ಈ ಹೊತ್ತಲ್ಲಿ ಮಲಗಿದಾಳೆ. ಊಟ ಮಾಡಿದ್ಲಾ? ಎಬ್ಬಿಸಲಾ?"

"ಬೇಡ. ಇಲ್ಲಿ ಬಂದು ಕೂತ್ಕೊಳ್ಳಿ. ನಿಮ್ಮ ಹತ್ರ ಒಂದು ಮಾತು ಹೇಳಬೇಕು."

ಅವಳ ದನಿಯಲ್ಲಿ ಏನು ಕಂಡನೋ, ಒಂದು ಬೂಟು ಕಾಲಿನಲ್ಲೇ ಇರುವಂತೆ ಅಡುಗೆಮನೆಗೆ ಬಂದ. ನೆಲದ ಮೇಲೆ ತೆರೆದು ಬಿದ್ದಿದ್ದ ಪುಸ್ತಕವನ್ನು ದಾಟಿಕೊಂಡೇ ಬಂದಿದ್ದ, ಅದನ್ನು ಎತ್ತಲಿಲ್ಲ. ಹೆಂಡತಿಯ ಎದುರು ಸ್ಟೂಲಿನ ಮೇಲೆ ಕೂತು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ಅವಳು ಶುರು ಮಾಡಬೇಕೆಂದು ಬಾಯಿ ತೆರೆದಳು. ಆಗ ಕೋಣೆಯಲ್ಲಿ ಮಗಳು ಏನೋ ಗೊಣಗಿ ಮಗ್ಗುಲು ಬದಲಿಸಿದ ಸದ್ದಾಯಿತು. ಇಬ್ಬರೂ ಅಲುಗಾಡದೆ ಕಿವಿಗೊಟ್ಟು ಕೂತರು. ಸ್ವಲ್ಪ ಹೊತ್ತಿನ ಮೇಲೆ ಕೋಣೆಯ ಒಳಗಿನಿಂದ ಹುಡುಗಿಯ ಸಣ್ಣ ಗೊರಕೆ ಕೇಳಿಸಿತು.